ಬೆಂಗಳೂರಿನ ತೋಟದ ಹಕ್ಕಿ, ಫೇರ್ ಐಲ್‌ನ ಅಪರೂಪ

ಸೆಪ್ಟೆಂಬರ್ ಅರ್ಧ ಕಳೆಯುವಷ್ಟರಲ್ಲಿ ಬೆಂಗಳೂರು, ಮೈಸೂರು, ಧಾರವಾಡದ ತೋಟಗಳಲ್ಲಿ ಹೊಂಗೆ, ಮಾವು, ಮಳೆಮರಗಳ ಮೇಲಿನಿಂದ ಎರಡೇ ಸ್ವರದ ಒಂದು ಸಣ್ಣ ಕೂಗು ಕೇಳತೊಡಗುತ್ತದೆ. ಕೂಗಿದ ಹಕ್ಕಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹತ್ತು ಸೆಂಟಿಮೀಟರ್ ಉದ್ದ, ಎಂಟು ಗ್ರಾಂ ಆಸುಪಾಸಿನ ತೂಕ, ಬೂದು ಬೆರೆತ ಹಸಿರು ಮೈ, ಕಣ್ಣಿನ ಮೇಲೆ ನಸುಹಳದಿ ಹುಬ್ಬು, ರೆಕ್ಕೆಯ ಮೇಲೊಂದು ತೆಳುಪಟ್ಟಿ. ಹಸುರು ಎಲೆ ಉಲಿಯಕ್ಕಿ, ಅಂದರೆ ಗ್ರೀನಿಷ್ ವಾರ್ಬ್ಲರ್ ಇದು. ಪೂರ್ವ ಯುರೋಪಿನಿಂದ ಹಿಮಾಲಯದವರೆಗೆ ಹಬ್ಬಿದ ಕಾಡುಗಳಲ್ಲಿ ಮರಿ ಬೆಳೆಸಿ, ಚಳಿಗಾಲ ಕಳೆಯಲು ದಕ್ಷಿಣ ಭಾರತಕ್ಕೆ ಬರುತ್ತದೆ. ಇಲ್ಲಿನ ಹಕ್ಕಿ ವೀಕ್ಷಕರು ಪಟ್ಟಿಯಲ್ಲಿ ಅದರ ಹೆಸರಿಗೊಂದು ಗುರುತು ಹಾಕಿ ಮುಂದಿನ ಮರಕ್ಕೆ ಹೋಗುತ್ತಾರೆ.

ಅದೇ ಹಕ್ಕಿ ಅದೇ ವಾರ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಫೇರ್ ಐಲ್ ದ್ವೀಪದ ಕಲ್ಲುಗೋಡೆಯ ಮೇಲೆ ಕಂಡರೆ ಸುದ್ದಿ ಊರೂರಿಗೆ ಹಬ್ಬುತ್ತದೆ. ಬ್ರಿಟನ್ನಿನಲ್ಲಿ ಅದು ಮೊದಲು ದಾಖಲಾದದ್ದು 1896ರ ಸೆಪ್ಟೆಂಬರಿನಲ್ಲಿ, ಲಿಂಕನ್‌ಶೈರ್ ಕರಾವಳಿಯ ನಾರ್ತ್ ಕೋಟ್ಸ್‌ನಲ್ಲಿ. ನಮ್ಮ ಬೇಲಿ ಪೊದೆಗಳಲ್ಲಿ ಚಳಿಗಾಲವಿಡೀ ‘ಚೆಕ್ ಚೆಕ್’ ಎನ್ನುತ್ತ ಕೂರುವ ಬ್ಲೈತ್‌ನ ಜೊಂಡು ಉಲಿಯಕ್ಕಿ ಅಲ್ಲಿ ಮೊದಲು ಸಿಕ್ಕಿದ್ದು 1910ರ ಶರತ್ಕಾಲದಲ್ಲಿ, ಫೇರ್ ಐಲ್‌ನಲ್ಲೇ. ಬಯಲುಸೀಮೆಯ ಜೋಳದ ಹೊಲಗಳಿಗೆ ಹಿಂಡುಗಟ್ಟಿ ಇಳಿಯುವ ಗುಲಾಬಿ ಕಬ್ಬಕ್ಕಿ, ತಂತಿ ಬೇಲಿಯ ಮೇಲೆ ಕೂರುವ ಕಂದು ಕಳಿಂಗ, ಕೆರೆಯಂಚಿನ ಹಳದಿ ತಲೆಯ ಸಿಪಿಲೆ, ಬಯಲಿನ ಬ್ಲೈತ್‌ನ ಪಿಪಿಟ್, ಇವೆಲ್ಲ ಬ್ರಿಟನ್ನಿನವರು ರಜೆ ಹಾಕಿ, ದೋಣಿ ಹತ್ತಿ ನೋಡಲು ಹೋಗುವ ಹಕ್ಕಿಗಳು.

ಒಂದೂರಿನ ನಿತ್ಯದ ಹಕ್ಕಿ ಇನ್ನೊಂದೂರಿನಲ್ಲಿ ಜೀವಮಾನದ ನೋಟವಾಗುವುದು ಹೇಗೆ? ಎಂಟು ಗ್ರಾಂ ತೂಗುವ ಜೀವ ಸಾವಿರಾರು ಕಿಲೋಮೀಟರ್ ಉಲ್ಟಾ ದಿಕ್ಕಿನಲ್ಲಿ ಹಾರಿ ಹೋಗುವುದು ದಾರಿ ತಪ್ಪಿಯೋ, ಹೊಸ ದಾರಿ ಹುಡುಕಿಯೋ? ಇದು ಶರತ್ಕಾಲದಲ್ಲೇ ಏಕೆ ಹೆಚ್ಚು? ನೂರೈವತ್ತು ವರ್ಷಗಳಿಂದ ನಡೆದಿರುವ ಈ ಚರ್ಚೆ ಈಚಿನ ಕೆಲವು ವರ್ಷಗಳಲ್ಲಿ ಗಟ್ಟಿಯಾದ ತಿರುವು ಪಡೆದಿದೆ.

ಕಥೆ ಶುರುವಾಗುವುದು ಉತ್ತರ ಸಮುದ್ರದ ಹೆಲ್ಗೋಲ್ಯಾಂಡ್ ಎಂಬ ಕೆಂಪು ಬಂಡೆಯ ದ್ವೀಪದಲ್ಲಿ. 1837ರಲ್ಲಿ ಹೈನ್ರಿಷ್ ಗಾಟ್ಕೆ ಎಂಬ ಜರ್ಮನ್ ಚಿತ್ರಕಾರ ಸಮುದ್ರದ ಚಿತ್ರ ಬರೆಯಲೆಂದು ಅಲ್ಲಿಗೆ ಹೋದ. ಕೊನೆಯವರೆಗೂ ಅಲ್ಲೇ ಉಳಿದುಬಿಟ್ಟ. ದ್ವೀಪ ಆಗ ಬ್ರಿಟಿಷರ ಕೈಯಲ್ಲಿತ್ತು, ಗಾಟ್ಕೆ ಅಲ್ಲಿನ ಸರ್ಕಾರದ ಕಾರ್ಯದರ್ಶಿಯಾದ. ಶರತ್ಕಾಲದ ಕತ್ತಲ ರಾತ್ರಿಗಳಲ್ಲಿ ದೀಪಸ್ತಂಭದ ಬೆಳಕಿಗೆ ಹಕ್ಕಿಗಳು ಮುತ್ತುತ್ತಿದ್ದವು. ದ್ವೀಪದ ಜನ ಅವನ್ನು ಹಿಡಿದು ತಿನ್ನುತ್ತಿದ್ದರು, ಗಾಟ್ಕೆ ಅವರ ಬಳಿ ಹೋಗಿ ಗುರುತು ಹಿಡಿಯುತ್ತಿದ್ದ. ಐದು ದಶಕಗಳ ಈ ಕೆಲಸ 1891ರಲ್ಲಿ ಪುಸ್ತಕವಾಯಿತು. ಸುಮಾರು 400 ಜಾತಿಯ ಹಕ್ಕಿಗಳು ಅದರಲ್ಲಿದ್ದವು. ಸೈಬೀರಿಯಾದ ಟೈಗಾ ಕಾಡಿನಲ್ಲಿ ಹುಟ್ಟಿ ಆಗ್ನೇಯ ಏಷ್ಯಾಕ್ಕೆ ಹೋಗಬೇಕಾದ ಹಳದಿ ಹುಬ್ಬಿನ ಉಲಿಯಕ್ಕಿ ಶರತ್ಕಾಲದಲ್ಲಿ ಮತ್ತೆ ಮತ್ತೆ ಹೆಲ್ಗೋಲ್ಯಾಂಡಿಗೆ ಬರುತ್ತದೆಂದು ಗಾಟ್ಕೆ ಬರೆದಾಗ ಯುರೋಪಿನ ಹಲವರಿಗೆ ನಂಬಿಕೆ ಬರಲಿಲ್ಲ. ಆತನ ಮಾತು ನಿಜವಾಗಿತ್ತು. ಇಂದು ಬ್ರಿಟನ್ನಿನಲ್ಲಿ ಆ ಹಕ್ಕಿ ಶರತ್ಕಾಲಕ್ಕೆ ನೂರಾರು, ಕೆಲ ವರ್ಷ ಸಾವಿರಕ್ಕೂ ಮೀರಿ ಕಾಣಸಿಗುತ್ತದೆ.

ಫೇರ್ ಐಲ್‌ನ ಕಥೆ ಇನ್ನೂ ಸೊಗಸು. ಶೆಟ್‌ಲೆಂಡ್ ಮತ್ತು ಆರ್ಕ್ನಿಗಳ ನಡುವೆ, ಐದು ಕಿಲೋಮೀಟರ್ ಉದ್ದದ ಈ ದ್ವೀಪಕ್ಕೆ ವಿಲಿಯಂ ಈಗಲ್ ಕ್ಲಾರ್ಕ್ 1905ರಿಂದ ಹೋಗತೊಡಗಿ, ಅಲ್ಲಿ ವಲಸೆ ಹಕ್ಕಿಗಳು ಎಷ್ಟು ಇಳಿಯುತ್ತವೆಂದು ತೋರಿಸಿಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕಿದ್ದ ಜಾರ್ಜ್ ವಾಟರ್‌ಸ್ಟನ್ ಸೆರೆಮನೆಯಲ್ಲಿ ಕುಳಿತು ಆ ದ್ವೀಪದಲ್ಲೊಂದು ಪಕ್ಷಿ ವೀಕ್ಷಣಾಲಯ ಕಟ್ಟುವ ಯೋಜನೆ ಹಾಕಿದರು. ಬಿಡುಗಡೆಯಾಗಿ ಬಂದು ದ್ವೀಪವನ್ನೇ ಕೊಂಡರು. 1948ರಲ್ಲಿ ವೀಕ್ಷಣಾಲಯ ಶುರುವಾಯಿತು. ಮರಗಳೇ ಇಲ್ಲವೆನ್ನಬಹುದಾದ ಆ ನೆಲದಲ್ಲಿ ದಣಿದು ಇಳಿದ ಉಲಿಯಕ್ಕಿಗೆ ಅಡಗಲು ಇರುವುದು ಕಲ್ಲುಗೋಡೆಗಳ ಸಂದು, ಟರ್ನಿಪ್ ಮತ್ತು ಓಟ್ಸ್ ಬೆಳೆದ ಸಣ್ಣ ಹೊಲಗಳು, ಕಡಲಂಚಿನ ಕೊರಕಲುಗಳು ಮಾತ್ರ. ಕಾಡಿನಲ್ಲಿ ಎಂದೂ ಕಣ್ಣಿಗೆ ಬೀಳದ ಹಕ್ಕಿ ಇಲ್ಲಿ ಕಾಲ ಬುಡದಲ್ಲೇ ಓಡಾಡುತ್ತದೆ. 2019ರ ಮಾರ್ಚ್‌ನಲ್ಲಿ ವೀಕ್ಷಣಾಲಯದ ಕಟ್ಟಡ ಬೆಂಕಿಗೆ ಸುಟ್ಟುಹೋಯಿತು. ಆದರೂ ದ್ವೀಪದಲ್ಲಿ ಹಕ್ಕಿಗಳ ಲೆಕ್ಕವಿಡುವುದನ್ನು ಜನ ಬಿಡಲಿಲ್ಲ.

ಶರತ್ಕಾಲವೇ ಏಕೆ ಎಂಬುದಕ್ಕೆ ಮೊದಲ ಉತ್ತರ ಸರಳ. ಬೇಸಿಗೆಯ ಸಂತಾನೋತ್ಪತ್ತಿ ಮುಗಿದಾಗ ಹಕ್ಕಿಗಳ ಸಂಖ್ಯೆ ವರ್ಷದಲ್ಲೇ ಅತಿ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಆ ವರ್ಷ ಹುಟ್ಟಿದ ಮರಿಗಳದು. ಕೊಕ್ಕರೆ, ಹೆಬ್ಬಾತುಗಳ ಮರಿಗಳು ಹಿರಿಯರ ಬೆನ್ನು ಹಿಡಿದು ದಾರಿ ಕಲಿಯುತ್ತವೆ. ಉಲಿಯಕ್ಕಿ, ನೊಣಹಿಡುಕಗಳಂಥ ಹೆಚ್ಚಿನ ಸಣ್ಣ ಹಾಡುಹಕ್ಕಿಗಳ ಮರಿಗೆ ಆ ಭಾಗ್ಯವಿಲ್ಲ. ಅವು ರಾತ್ರಿ ಹಾರುತ್ತವೆ, ಒಂಟಿಯಾಗಿ ಹಾರುತ್ತವೆ. ಯಾವ ದಿಕ್ಕಿಗೆ, ಎಷ್ಟು ರಾತ್ರಿ ಹಾರಬೇಕೆಂಬುದು ಹುಟ್ಟಿನಿಂದಲೇ ಮೈಯಲ್ಲಿ ಬಂದಿರುತ್ತದೆ. ಸೂರ್ಯ ಮುಳುಗಿದ ದಿಕ್ಕು, ನಕ್ಷತ್ರಗಳು, ಭೂಮಿಯ ಕಾಂತಕ್ಷೇತ್ರ ಆ ದಿಕ್ಕನ್ನು ಹಿಡಿದಿಡಲು ನೆರವಾಗುತ್ತವೆ.

ಡಚ್ ವಿಜ್ಞಾನಿ ಎ. ಸಿ. ಪರ್ಡೆಕ್ 1958ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಶರತ್ಕಾಲದ ವಲಸೆಯಲ್ಲಿದ್ದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್ ಹಕ್ಕಿಗಳನ್ನು ಹಾಲೆಂಡಿನ ಹೇಗ್ ನಗರದ ಬಳಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟರು. ಹಿರಿಯ ಹಕ್ಕಿಗಳು ತಾವು ಬೇರೆಡೆ ಬಂದಿದ್ದೇವೆಂದು ತಿಳಿದು, ದಿಕ್ಕು ಬದಲಿಸಿ, ಎಂದಿನ ಚಳಿಗಾಲದ ನೆಲೆಗಳತ್ತ ಹೊರಟವು. ಮೊದಲ ವಲಸೆಯ ಮರಿಗಳು ಮಾತ್ರ ಹೇಗ್‌ನಿಂದ ಹೊರಟಿದ್ದರೆ ಯಾವ ದಿಕ್ಕಿಗೆ ಹಾರುತ್ತಿದ್ದವೋ ಅದೇ ದಿಕ್ಕಿಗೆ ಹಾರಿ ದಕ್ಷಿಣ ಫ್ರಾನ್ಸ್, ಸ್ಪೇನ್ ಸೇರಿದವು. ಮರಿಗೆ ದಿಕ್ಕು ಗೊತ್ತು, ಊರು ಗೊತ್ತಿಲ್ಲ. ಶರತ್ಕಾಲದಲ್ಲಿ ದೂರದ ದ್ವೀಪಗಳಲ್ಲಿ ಸಿಗುವ ಅಪರೂಪದ ಹಾಡುಹಕ್ಕಿಗಳಲ್ಲಿ ಬಹುಪಾಲು ಮೊದಲ ವರ್ಷದವು ಎಂಬುದಕ್ಕೆ ಕಾರಣ ಇಲ್ಲಿದೆ.

ಗಾಳಿಯ ಪಾಲೂ ದೊಡ್ಡದು. ಸ್ಕ್ಯಾಂಡಿನೇವಿಯಾ, ರಷ್ಯಾಗಳ ಮೇಲೆ ಹೆಚ್ಚು ಒತ್ತಡದ ಹವೆ ನಿಂತು ತಿಳಿಯಾದ ರಾತ್ರಿ ಹಕ್ಕಿಗಳು ಹೊರಟಾಗ, ಉತ್ತರ ಸಮುದ್ರದ ಮೇಲೆ ಪೂರ್ವದ ಗಾಳಿ ಬೀಸಿ, ಬೆಳಗಿನ ಜಾವ ಮಂಜೋ ಜಿಟಿಜಿಟಿ ಮಳೆಯೋ ಅಡ್ಡವಾದರೆ, ಅವು ಮೊದಲು ಕಂಡ ನೆಲಕ್ಕೆ ಇಳಿದುಬಿಡುತ್ತವೆ. 1965ರ ಸೆಪ್ಟೆಂಬರ್ 3ರಂದು ಇಂಗ್ಲೆಂಡಿನ ಸಫೋಕ್ ಕರಾವಳಿಯ ಮೇಲೆ ಹೀಗೆ ಲಕ್ಷಗಟ್ಟಲೆ ಸಣ್ಣ ಹಕ್ಕಿಗಳು ಇಳಿದ ದಿನವನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಅಂಥ ದಿನ ಸಾವಿರ ಸಾಮಾನ್ಯ ಹಕ್ಕಿಗಳ ನಡುವೆ ಒಂದು ಅಪರೂಪದ್ದು ಇರುತ್ತದೆ.

ಆದರೆ ಬರೀ ಗಾಳಿ ಸೈಬೀರಿಯಾದಿಂದ ಸ್ಕಾಟ್ಲೆಂಡಿನವರೆಗೆ ಹಕ್ಕಿಯನ್ನು ತಳ್ಳಲಾರದು. 1969ರಲ್ಲಿ ಡೆನ್ಮಾರ್ಕಿನ ಯೋರ್ಗನ್ ರಾಬೋಲ್ ಬೇರೆ ವಾದ ಮುಂದಿಟ್ಟರು. ಕೆಲವು ಮರಿಗಳಲ್ಲಿ ಜನ್ಮದತ್ತ ದಿಕ್ಸೂಚಿ ಪೂರ್ತಿ ಹಿಂದುಮುಂದಾಗಿ, ಆಗ್ನೇಯಕ್ಕೆ ಹೋಗಬೇಕಾದವು ವಾಯವ್ಯಕ್ಕೆ ಹಾರುತ್ತವೆ ಎಂಬುದು ಅದರ ತಿರುಳು. ಭೂಪಟದ ಮೇಲೆ ಗೆರೆ ಎಳೆದರೆ ಹಲವು ಎಲೆ ಉಲಿಯಕ್ಕಿಗಳ ಉಲ್ಟಾ ಗೆರೆ ಪಶ್ಚಿಮ ಯುರೋಪಿಗೇ ಬಂದು ಮುಟ್ಟುತ್ತಿತ್ತು. ಮೂರು ದಶಕ ಈ ವಿವರಣೆ ಎಲ್ಲರ ಬಾಯಲ್ಲೂ ಇತ್ತು. 2003ರಲ್ಲಿ ಜೇಮ್ಸ್ ಗಿಲ್ರಾಯ್ ಮತ್ತು ಅಲೆಕ್ಸಾಂಡರ್ ಲೀಸ್ ಅದನ್ನು ಪ್ರಶ್ನಿಸಿದರು. ಹಕ್ಕಿಗಳು ನಿಖರವಾದ ಉಲ್ಟಾ ದಿಕ್ಕಿಗಷ್ಟೇ ಅಲ್ಲ, ನಾನಾ ದಿಕ್ಕುಗಳಿಗೆ ಚದುರುತ್ತವೆ. ನೋಡುವ ಕಣ್ಣುಗಳು ಪಶ್ಚಿಮ ಯುರೋಪಿನಲ್ಲಿ ದಟ್ಟವಾಗಿರುವುದರಿಂದ ಎಲ್ಲವೂ ಅಲ್ಲಿಗೇ ಬಂದಂತೆ ತೋರುತ್ತದೆ ಎಂದರು. ಈ ಎರಡನೆಯ ಮಾತನ್ನು ಭಾರತದ ಓದುಗರು ಮನಸ್ಸಿಟ್ಟು ಕೇಳಬೇಕು. ನೋಡುವವರಿಲ್ಲದ ಕಡೆ ಅಪರೂಪದ ಹಕ್ಕಿ ಬಂದು ಹೋದರೂ ಲೆಕ್ಕಕ್ಕೆ ಸಿಗುವುದಿಲ್ಲ.

ದಾರಿ ತಪ್ಪಿದವೆಲ್ಲ ಸಾಯುತ್ತವೆ ಎಂಬ ನಂಬಿಕೆ ಮೊದಲು ಅಲುಗಿದ್ದು ಕರಿನೆತ್ತಿ ಉಲಿಯಕ್ಕಿಯಿಂದ. ಬ್ಲ್ಯಾಕ್‌ಕ್ಯಾಪ್ ಎನ್ನುವ ಈ ಹಕ್ಕಿ ಮಧ್ಯ ಯುರೋಪಿನಿಂದ ಸ್ಪೇನ್, ಉತ್ತರ ಆಫ್ರಿಕಾಗಳಿಗೆ ಹೋಗುವುದು ವಾಡಿಕೆ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನ ಹಿತ್ತಿಲುಗಳಲ್ಲಿ ಚಳಿಗಾಲದಲ್ಲೂ ಅವು ಹೆಚ್ಚಾಗತೊಡಗಿದವು. ಜರ್ಮನಿಯ ಪೀಟರ್ ಬರ್ಥೋಲ್ಡ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಚಳಿಗಾಲ ಕಳೆಯುತ್ತಿದ್ದ ಹಕ್ಕಿಗಳನ್ನು ಹಿಡಿದು ತಂದು, ಪಂಜರದಲ್ಲಿ ಮರಿ ಮಾಡಿಸಿದರು. ಎಂದೂ ಬ್ರಿಟನ್ ಕಾಣದ ಆ ಮರಿಗಳು ಶರತ್ಕಾಲ ಬಂದಾಗ ಬ್ರಿಟನ್ನಿನ ದಿಕ್ಕಿಗೇ ಚಡಪಡಿಸಿದವು. 1992ರಲ್ಲಿ ಪ್ರಕಟವಾದ ಈ ಶೋಧದ ಅರ್ಥ ದೊಡ್ಡದು: ಒಂದು ಕಾಲದ ‘ತಪ್ಪು’ ದಿಕ್ಕು ಮರಿಗಳಿಗೆ ಹರಿದು ಬಂದು, ಹೊಸ ವಲಸೆಯೇ ಹುಟ್ಟಿತ್ತು. ಹಿತ್ತಿಲಲ್ಲಿ ಜನ ಇಡುವ ಕಾಳು, ಕೊಬ್ಬು ಆ ಹಕ್ಕಿಗಳನ್ನು ಚಳಿಯಲ್ಲಿ ಉಳಿಸಿದ್ದವು.

ಮುಂದಿನ ಸಾಕ್ಷ್ಯ ರಿಚರ್ಡ್‌ನ ಪಿಪಿಟ್‌ನದು. ಸೈಬೀರಿಯಾ, ಮಂಗೋಲಿಯಾಗಳ ಹುಲ್ಲುಗಾವಲಿನ ಈ ಹಕ್ಕಿ ಚಳಿಗಾಲಕ್ಕೆ ಬರಬೇಕಾದ್ದು ಭಾರತದ ಮತ್ತು ಆಗ್ನೇಯ ಏಷ್ಯಾದ ಗದ್ದೆ ಬಯಲುಗಳಿಗೆ. ದಕ್ಷಿಣ ಫ್ರಾನ್ಸಿನಲ್ಲಿ ಕೆಲವು ಪ್ರತಿ ಚಳಿಗಾಲ ಕಾಣುತ್ತಿದ್ದವು. ಪಾಲ್ ಡುಫೂರ್ ಮತ್ತು ಸಂಗಡಿಗರು ಅವನ್ನು ಹಿಡಿದು ಬೆಳಕು ಅಳೆಯುವ ಪುಟ್ಟ ಯಂತ್ರ ಕಟ್ಟಿ ಬಿಟ್ಟರು. ಮರುವರ್ಷ ಅದೇ ಬಯಲಿಗೆ ಮರಳಿದ ಹಕ್ಕಿಗಳ ಯಂತ್ರ ಬಿಚ್ಚಿ ಓದಿದಾಗ, ಅವು ಬೇಸಿಗೆಯನ್ನು ನೈಋತ್ಯ ಸೈಬೀರಿಯಾದಲ್ಲಿ ಕಳೆದು ಬಂದದ್ದು ತಿಳಿಯಿತು. 2021ರ ಈ ವರದಿಯ ನಂತರ ಆ ಪಿಪಿಟ್‌ಗಳನ್ನು ದಾರಿ ತಪ್ಪಿದವು ಎನ್ನಲಾಗದು. ಹೋದ ದಾರಿಯಲ್ಲೇ ಮರಳಿ, ಮತ್ತೆ ಬರುವ ಹಕ್ಕಿ ದಾರಿ ಕಂಡುಕೊಂಡಿದೆ. ಹಳದಿ ಹುಬ್ಬಿನ ಉಲಿಯಕ್ಕಿಯೂ ಇದೇ ಹಾದಿಯಲ್ಲಿದೆಯೇ ಎಂಬುದು ಈಗ ಎಲ್ಲರ ಕುತೂಹಲ.

ಎಲ್ಲವೂ ಹೀಗೇ ಎಂದಲ್ಲ. ಅಮೆರಿಕದ ಪಕ್ಷಿ ಉಂಗುರ ದಾಖಲೆಗಳ ಆರು ದಶಕಗಳ ರಾಶಿಯನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಭೂಮಿಯ ಕಾಂತಕ್ಷೇತ್ರ ಕದಡಿದ ದಿನಗಳ ಆಸುಪಾಸಿನಲ್ಲಿ, ವಿಶೇಷವಾಗಿ ಶರತ್ಕಾಲದಲ್ಲಿ, ಹಕ್ಕಿಗಳು ಎಂದಿನ ಹಾದಿಯಿಂದಾಚೆ ಹೆಚ್ಚು ಕಾಣುತ್ತವೆಂದು ತೋರಿಸಿತು. ಅಟ್ಲಾಂಟಿಕ್ ದಾಟಿ ಬರುವ ಅಮೆರಿಕದ ಹಾಡುಹಕ್ಕಿಗಳ ಮಾತು ಬೇರೆ. ಅಲ್ಲಿ ಬಿರುಗಾಳಿಯೇ ಸಾರಥಿ. ಬ್ಲ್ಯಾಕ್‌ಪೋಲ್ ವಾರ್ಬ್ಲರ್‌ನಂಥವು ಅಮೆರಿಕದ ಪೂರ್ವ ಕರಾವಳಿಯಿಂದ ಕೆರಿಬಿಯನ್ ಕಡೆಗೆ ಎರಡು ಮೂರು ದಿನ ಎಡೆಬಿಡದೆ ಸಮುದ್ರದ ಮೇಲೆ ಹಾರುತ್ತವೆ. ಆ ಹಾದಿಗೆ ಚಂಡಮಾರುತ ಅಡ್ಡ ಬಂದರೆ ಪೂರ್ವಕ್ಕೆ ಸೆಳೆದೊಯ್ಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ‘ಲೀ’ ಚಂಡಮಾರುತದ ಬಾಲ ಹಿಡಿದು ಬಂದ ಹಕ್ಕಿಗಳು ವೇಲ್ಸ್, ಐರ್ಲೆಂಡ್, ಸಿಲಿ ದ್ವೀಪಗಳಲ್ಲಿ ಇಳಿದಾಗ, ಬ್ರಿಟನ್ನಿನ ಮೊದಲ ಕೆನಡಾ ವಾರ್ಬ್ಲರ್ ವೇಲ್ಸ್‌ನ ಪೆಂಬ್ರೋಕ್‌ಶೈರ್‌ನಲ್ಲಿ ಸಿಕ್ಕಿತು.

ಇಷ್ಟು ಕಾರಣ ತಿಳಿದರೂ ಎಲೆಗಳ ನಡುವೆ ಕ್ಷಣವೂ ನಿಲ್ಲದ ಹಕ್ಕಿಯನ್ನು ಗುರುತಿಸುವ ಕೆಲಸ ಹಗುರಾಗುವುದಿಲ್ಲ. ಶರತ್ಕಾಲದಲ್ಲಿ ಹೆಚ್ಚಿನವು ಹಾಡುವುದಿಲ್ಲ, ಮರಿಗಳ ಬಣ್ಣ ಮಂದ, ಗರಿ ಬದಲಾಗುತ್ತಿರುತ್ತದೆ. ಪಳಗಿದವರು ಬಣ್ಣಕ್ಕಿಂತ ಅಂಗಸೌಷ್ಠವ ನೋಡುತ್ತಾರೆ: ಮಡಿಸಿದ ರೆಕ್ಕೆಯ ತುದಿ ಎಷ್ಟು ಹೊರಚಾಚಿದೆ, ಹುಬ್ಬು ಕೊಕ್ಕಿನವರೆಗೆ ಬಂದಿದೆಯೇ, ಕಾಲಿನ ಬಣ್ಣವೇನು, ಬಾಲ ಆಡಿಸುತ್ತದೆಯೇ. ಎಲ್ಲಕ್ಕಿಂತ ಮೇಲೆ ಕೂಗು. ಹಳದಿ ಹುಬ್ಬಿನ ಉಲಿಯಕ್ಕಿಗೂ ಹ್ಯೂಮ್‌ನ ಉಲಿಯಕ್ಕಿಗೂ ಮೈಯಲ್ಲಿ ಎದ್ದುಕಾಣುವ ವ್ಯತ್ಯಾಸ ಕಡಿಮೆ, ಕೂಗಿನಲ್ಲಿ ಸ್ಪಷ್ಟ. ಉತ್ತರ ಭಾರತದ ತೋಟಗಳಲ್ಲಿ ಚಳಿಗಾಲವಿಡೀ ಇರುವ ಹ್ಯೂಮ್‌ನ ಉಲಿಯಕ್ಕಿ ಬ್ರಿಟನ್ನಿಗೆ ಬರುವುದು ಶರತ್ಕಾಲದ ಕೊನೆಗೆ, ನವೆಂಬರ್ ಹೊತ್ತಿಗೆ. ಅದನ್ನು ಕಿವಿಯಿಂದ ಹಿಡಿಯುವ ಅಲ್ಲಿನವರಲ್ಲಿ ಭಾರತದಲ್ಲಿ ತಿರುಗಿ ಅದರ ದನಿ ಕಲಿತು ಹೋದವರಿದ್ದಾರೆ. ಸಾಮಾನ್ಯ ಹಕ್ಕಿಯನ್ನು ಸಾವಿರ ಸಲ ನೋಡಿದವರಿಗೇ ಬೇರೆಯದು ಬೇರೆಯಾಗಿ ಕಾಣುವುದು.

ಕಂಡದ್ದನ್ನು ನಂಬಿಸುವುದು ಇನ್ನೊಂದು ಹಂತ. ಹಿಂದೆ ಬಂದೂಕೇ ಸಾಕ್ಷಿಯಾಗಿತ್ತು. ಆ ಸಾಕ್ಷಿಯೂ ಸುಳ್ಳಾಗಬಹುದಿತ್ತು. ಇಂಗ್ಲೆಂಡಿನ ಹೇಸ್ಟಿಂಗ್ಸ್ ಸುತ್ತಮುತ್ತ 1892ರಿಂದ 1930ರವರೆಗೆ ಸಿಕ್ಕವೆನ್ನಲಾದ ನೂರಾರು ಅಪರೂಪದ ಹಕ್ಕಿಗಳ ದಾಖಲೆಗಳನ್ನು 1962ರಲ್ಲಿ ಒಟ್ಟಾಗಿ ತಿರಸ್ಕರಿಸಲಾಯಿತು; ಬೇರೆಡೆಯಿಂದ ತಂದ ಸತ್ತ ಹಕ್ಕಿಗಳನ್ನು ಸ್ಥಳೀಯವೆಂದು ಮಾರಿದ ಅನುಮಾನ ಅದಕ್ಕೆ ಕಾರಣ. ಅದಕ್ಕೂ ಮೊದಲೇ, 1959ರಲ್ಲಿ, ಬ್ರಿಟನ್ನಿನಲ್ಲಿ ಅಪರೂಪದ ಹಕ್ಕಿಗಳ ವರದಿ ತೂಗಿ ನೋಡುವ ಸಮಿತಿ ಹುಟ್ಟಿತ್ತು. ಇಂದು ಛಾಯಾಚಿತ್ರ, ಧ್ವನಿಮುದ್ರಣಗಳ ಜೊತೆಗೆ ಹಕ್ಕಿಯ ಹಿಕ್ಕೆಯಿಂದ ಡಿಎನ್‌ಎ ತೆಗೆದು ಜಾತಿ ಹೇಳುವಷ್ಟು ವಿದ್ಯೆ ಬೆಳೆದಿದೆ. ಹಕ್ಕಿಯನ್ನು ಮುಟ್ಟುವ ಅಗತ್ಯವೂ ಇಲ್ಲ.

ಈ ಇಡೀ ಶಾಸ್ತ್ರದ ಅತ್ಯಂತ ರೋಚಕ ಪ್ರಕರಣ ಭಾರತದ್ದು. ಕಾಂಗ್ರೆಸ್ ಸ್ಥಾಪಕರಲ್ಲೊಬ್ಬರೆಂದು ಕನ್ನಡಿಗರು ಶಾಲೆಯಲ್ಲಿ ಓದಿರುವ ಅಲನ್ ಆಕ್ಟೇವಿಯನ್ ಹ್ಯೂಮ್ ತಮ್ಮ ಕಾಲದ ಅತಿ ದೊಡ್ಡ ಹಕ್ಕಿ ಸಂಗ್ರಾಹಕ. 1867ರ ನವೆಂಬರಿನಲ್ಲಿ ಹಿಮಾಚಲದ ಸಟ್ಲೆಜ್ ಕಣಿವೆಯ ರಾಮಪುರದ ಬಳಿ ಅವರಿಗೆ ಒಂದು ಜೊಂಡು ಉಲಿಯಕ್ಕಿ ಸಿಕ್ಕಿತು. ಬ್ಲೈತ್‌ನದರಂತೆಯೇ ಇದ್ದರೂ ಕೊಕ್ಕು ಉದ್ದ. ಅಂಥದ್ದು ಮತ್ತೊಂದು ಸಿಗಲಿಲ್ಲ. ನೂರಮೂವತ್ತು ವರ್ಷ ಆ ಒಂದೇ ಮಾದರಿ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಕೂತು, ಅದು ಬೇರೆ ಜಾತಿಯೋ ವಿಕೃತ ಹಕ್ಕಿಯೋ ಎಂಬ ವಾದಕ್ಕೆ ವಸ್ತುವಾಯಿತು. 2002ರಲ್ಲಿ ಡಿಎನ್‌ಎ ಪರೀಕ್ಷೆ ಅದು ಬೇರೆಯೇ ಜಾತಿಯೆಂದು ಹೇಳಿತು. 2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಒಂದು ಕೊಳಚೆನೀರು ಶುದ್ಧೀಕರಣ ಕೇಂದ್ರದ ಬಳಿ ಉಂಗುರ ತೊಡಿಸುತ್ತಿದ್ದ ಫಿಲಿಪ್ ರೌಂಡ್ ಅವರ ಬಲೆಗೆ ಜೀವಂತ ಹಕ್ಕಿ ಬಿತ್ತು. ಅದರ ಗರಿಯ ಡಿಎನ್‌ಎ ಸಟ್ಲೆಜ್ ಮಾದರಿಯ ಜೊತೆ ತಾಳೆಯಾಯಿತು. ಹುಡುಕಿದಾಗ ಮ್ಯೂಸಿಯಮ್ಮಿನ ಖಾನೆಯಲ್ಲೇ, ಬ್ಲೈತ್‌ನದೆಂದು ಚೀಟಿ ಅಂಟಿದ್ದ ಎರಡನೇ ಮಾದರಿಯೂ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ಆಫ್ಘಾನಿಸ್ತಾನದ ವಾಖಾನ್ ಕಣಿವೆಯಲ್ಲಿ, ಆಮೇಲೆ ತಜಿಕಿಸ್ತಾನದಲ್ಲಿ, ಅದು ಮರಿ ಮಾಡುವ ನೆಲೆಗಳೂ ಪತ್ತೆಯಾದವು. ಹ್ಯೂಮ್‌ಗೆ ಸಿಕ್ಕದ್ದು ಶರತ್ಕಾಲದ ಪ್ರಯಾಣಿಕ. ಭಾರತದ ಮೂಲಕ ಹಾದುಹೋಗುವ ಈ ಹಕ್ಕಿ ನಮ್ಮ ಪೊದೆಗಳಲ್ಲಿ ಬ್ಲೈತ್‌ನದೆಂದೇ ಎಷ್ಟು ಸಲ ಲೆಕ್ಕವಾಗಿ ಹೋಗಿರಬಹುದು!

ಕರ್ನಾಟಕಕ್ಕೂ ಈ ಸಣ್ಣ ಹಕ್ಕಿಗಳ ಅಧ್ಯಯನಕ್ಕೂ ಹಳೆಯ ನಂಟಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರೂ ಜ್ವರದಿಂದ ಮಲಗಿದಾಗ ಪತ್ತೆಯಾದ ವೈರಸ್ಸು ರಷ್ಯಾದ ಉಣ್ಣೆಜ್ವರದ ವೈರಸ್ಸಿನ ನೆಂಟ. ಸೈಬೀರಿಯಾದಿಂದ ಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದವೇ ಎಂಬ ಶಂಕೆ ಎದ್ದು, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ಮುಂದಾಳ್ತನದಲ್ಲಿ ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸುವ ಕೆಲಸಕ್ಕಿಳಿಯಿತು. ರೋಗವನ್ನು ಹಕ್ಕಿಗಳೇ ತಂದವೆಂಬುದು ಸಾಬೀತಾಗಲಿಲ್ಲ. ವಲಸೆಯ ವಿಜ್ಞಾನಕ್ಕೆ ಮಾತ್ರ ಭಾರತದಲ್ಲಿ ಬುನಾದಿ ಬಿತ್ತು. ಐವತ್ತು ವರ್ಷಗಳ ಬಳಿಕ, 2007ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಶುರುವಾದ ಮೈಗ್ರೆಂಟ್‌ವಾಚ್ ವಲಸೆ ಹಕ್ಕಿಗಳು ಬಂದ ದಿನ ಬರೆದು ಕಳಿಸುವಂತೆ ಜನಸಾಮಾನ್ಯರನ್ನು ಕೇಳಿತು. ಇಂದು ಆ ಕೆಲಸ ಇ-ಬರ್ಡ್ ಮತ್ತು ಬರ್ಡ್ ಕೌಂಟ್ ಇಂಡಿಯಾ ಮೂಲಕ ನಡೆದಿದೆ. ಇಂಥ ದಾಖಲೆಗಳ ಮೇಲೆ ನಿಂತ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯು ದೂರದ ವಲಸೆಗಾರರ ಸಂಖ್ಯೆ ಇಳಿಯುತ್ತಿರುವುದನ್ನು ಎತ್ತಿ ತೋರಿಸಿದೆ.

ಆದರೂ ನಮ್ಮ ನೋಟ ಚಳಿಗಾಲಕ್ಕೆ ವಾಲಿದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಕೆರೆಗಳಲ್ಲಿ, ನಂದಿಬೆಟ್ಟದಲ್ಲಿ ಕ್ಯಾಮೆರಾಗಳ ಸಾಲು. ಗಣೇಶ ಚೌತಿಯಿಂದ ದೀಪಾವಳಿಯವರೆಗೆ, ಹಕ್ಕಿಗಳು ನಿಜಕ್ಕೂ ಹಾದುಹೋಗುತ್ತಿರುವಾಗ, ಮಳೆ ಇನ್ನೂ ನಿಂತಿಲ್ಲವೆಂದು ಜನ ಮನೆಯಲ್ಲಿ. ಕಛ್‌ನವರು ಈ ಋತುವಿನ ಬೆಲೆ ಅರಿತಿದ್ದಾರೆ. ಮಧ್ಯ ಏಷ್ಯಾದಿಂದ ಆಫ್ರಿಕಾಕ್ಕೆ ಹೋಗುವ ಚುಕ್ಕೆ ನೊಣಹಿಡುಕ, ಕೆಂಬೆನ್ನಿನ ಕಳಿಂಗ, ಬಿಳಿಗಂಟಲಿನ ಉಲಿಯಕ್ಕಿಗಳು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಕೆಲವೇ ವಾರ ತಂಗುತ್ತವೆ. ಅವನ್ನು ನೋಡಲೆಂದೇ ದೇಶದ ಮೂಲೆಮೂಲೆಯಿಂದ ಜನ ಹೋಗುತ್ತಾರೆ.

ಕನ್ನಡನಾಡಿನಲ್ಲಿ ಈ ಋತುವಿಗೆ ಹುಡುಕಬೇಕಾದ ಹಕ್ಕಿಯೊಂದಿದೆ: ಕಾಶ್ಮೀರ ನೊಣಹಿಡುಕ. ವಾಯವ್ಯ ಹಿಮಾಲಯದ, ಮುಖ್ಯವಾಗಿ ಕಾಶ್ಮೀರದ ಕಾಡುಗಳಲ್ಲಿ ಮರಿ ಮಾಡುವ ಈ ಹಕ್ಕಿ ಅಪಾಯದಂಚಿನದೆಂದು ಪಟ್ಟಿಯಾಗಿದೆ. ಸೆಪ್ಟೆಂಬರಿನಲ್ಲಿ ಕಾಶ್ಮೀರ ಬಿಟ್ಟು, ಅಕ್ಟೋಬರ್ ಹೊತ್ತಿಗೆ ಶ್ರೀಲಂಕಾದ ನುವಾರ ಎಲಿಯ ಬೆಟ್ಟಗಳಲ್ಲೂ ನೀಲಗಿರಿಯಲ್ಲೂ ಕಾಣುತ್ತದೆ. ನಡುವಿನ ಪರ್ಯಾಯದ್ವೀಪದಲ್ಲಿ ಅದು ಎಲ್ಲಿ ಇಳಿದು ಹೊಟ್ಟೆ ತುಂಬಿಕೊಳ್ಳುತ್ತದೆಂಬುದಕ್ಕೆ ದಾಖಲೆಗಳು ಬಲು ವಿರಳ. ಗಂಡಿನ ಗಂಟಲು, ಎದೆ ಕೆಂಪು, ಆ ಕೆಂಪಿನ ಇಕ್ಕೆಲಕ್ಕೂ ಕಪ್ಪಂಚು. ಹೆಣ್ಣು ಮತ್ತು ಮರಿಗಳನ್ನು ನಮ್ಮಲ್ಲಿ ಸಾಮಾನ್ಯವಾದ ಕೆಂಪೆದೆಯ ನೊಣಹಿಡುಕದಿಂದ ಬೇರ್ಪಡಿಸಲು ಎದೆಯ ಬೂದು ಬಣ್ಣ, ಬಾಲದ ಬಿಳಿ ಎರಡನ್ನೂ ತೋರಿಸುವ ಚಿತ್ರ, ಸಾಧ್ಯವಾದರೆ ಕೂಗಿನ ಮುದ್ರಣ ಬೇಕು. ನೀಲಗಿರಿಗೆ ತಾಗಿದ ಬಂಡೀಪುರ, ಅದರಾಚೆ ಬಿಳಿಗಿರಿರಂಗನ ಬೆಟ್ಟ, ಕೊಡಗಿನ ಕಾಫಿ ತೋಟಗಳ ನೆರಳು, ಬಾಬಾಬುಡನ್‌ಗಿರಿಯ ಶೋಲಾ ಕಾಡು, ಇವು ದಕ್ಷಿಣಕ್ಕೆ ಸಾಗುವ ಇಂಥ ಹಕ್ಕಿ ತಂಗಲು ತಕ್ಕ ತಾಣಗಳು. ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ನಡುವಿನವರೆಗೆ ಮಳೆ ಬಿಟ್ಟ ಬೆಳಗುಗಳಲ್ಲಿ ಅಲ್ಲಿ ಪಟ್ಟಿ ಬರೆಯುವವರು ಕೆಂಪೆದೆಯ ನೊಣಹಿಡುಕ ಕಂಡಾಗಲೆಲ್ಲ ಎರಡು ನಿಮಿಷ ಹೆಚ್ಚು ನಿಲ್ಲಬೇಕು.